ನಕಿಗೋಜಿಯ ಒಲೆ ಆರಿದ ದಿನ

ನಕಿಗೋಜಿಯ ಅಡಿಗೆಮನೆಯ ಬೆಂಕಿ ನಲವತ್ತೊಂದು ವರ್ಷದಿಂದ ಆರಿರಲಿಲ್ಲ. ಬಾಯಿಗೆ ಬಂದಂತೆ ಹೇಳುತ್ತಿಲ್ಲ, ಇದಕ್ಕೆ ಊರಿಗೆ ಊರೇ ಸಾಕ್ಷಿ. ಗಂಡ ತೀರಿಕೊಂಡ ಮೇಲೆ ತಮ್ಮ ಮಕುಂಬಿಯ ಹಿತ್ತಲಲ್ಲಿ ಮನೆ ಕಟ್ಟಿಕೊಂಡು ಬಂದ ದಿನ ಹಚ್ಚಿದ ಬೆಂಕಿ ಅದು. ಮಲಗುವ ಮುಂಚೆ ಮೂರು ಕಲ್ಲುಗಳ ನಡುವಿನ ಕೆಂಡವನ್ನು ಬೂದಿಯಲ್ಲಿ ಹೂತಿಡುತ್ತಿದ್ದಳು. ಬೆಳಗ್ಗೆದ್ದು ಬೂದಿ ಕೆದಕಿ, ಒಂದು ಹಿಡಿ ಒಣಗಿದ ಬಾಳೆಲೆ ಇಟ್ಟು ಉಫ್ ಎಂದು ಊದಿದರೆ ಸಾಕು, ನಿನ್ನೆಯ ಬೆಂಕಿಯೇ ಎದ್ದು ಕೂರುತ್ತಿತ್ತು. ಬೆಂಕಿಪೊಟ್ಟಣಕ್ಕೆ ಆ ಮನೆಯಲ್ಲಿ ಕೆಲಸವೇ ಇರಲಿಲ್ಲ.

ಸುತ್ತಲ ನಾಲ್ಕು ಊರಿನ ಮದುವೆಗೂ ಸಾವಿಗೂ ಅವಳದೇ ಅಡಿಗೆ. ಬಾಳೆಕಾಯಿ ಸುಲಿದು, ಎಲೆಯಲ್ಲಿ ಕಟ್ಟಿ, ಆವಿಯಲ್ಲಿ ಬೇಯಿಸಿದರೆ ಮಟೋಕೆ ಆಗುತ್ತದೆ, ಅಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಬೆಂದದ್ದನ್ನು ಎಲೆಯ ಸಮೇತ ಅಮುಕಿ ಮತ್ತೆ ಒಲೆಯ ಮೇಲಿಟ್ಟು, ಬಡಿಸುವ ಗಳಿಗೆಯವರೆಗೂ ಮೂರು ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಹದಗೊಳ್ಳಲು ಬಿಡಬೇಕು. ಕೈಗುಣ ಇರುವುದು ಅಲ್ಲಿ. ನೆಂಟರು ಚಾಪೆಯ ಮೇಲೆ ಕೂರುವ ಮೊದಲೇ ಒಲೆಯಿಂದ ಇಳಿಸಿದ್ದು ನಮ್ಮ ಗಾಂಡಾ ಜನರಲ್ಲಿ ಊಟ ಅನ್ನಿಸಿಕೊಳ್ಳುವುದೇ ಇಲ್ಲ. ಹಾಗೆ ಬಡಿಸಿದವಳ ಹೆಸರು ಸಾಯುವ ತನಕ ಕೆಟ್ಟಿತೆಂದೇ ಲೆಕ್ಕ.

ಇನ್ನೊಂದು ಮಾತೂ ಇದೆ. ನಮ್ಮ ಅರಸನ ಅರಮನೆಯ ಬಾಗಿಲಲ್ಲಿ ಹಗಲಿರುಳು ಒಂದು ಬೆಂಕಿ ಉರಿಯುತ್ತದೆ. ಅರಸ ಸತ್ತ ದಿನ ಅದನ್ನು ಆರಿಸುತ್ತಾರೆ. ಅರಸ ಸತ್ತ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಬೆಂಕಿ ಆರಿತು ಎನ್ನುತ್ತಾರೆ. ಅರಸನಿಗಾದದ್ದೇ ಆಳಿಗೂ. ಒಂಟಿ ಮುದುಕಿಯ ಅಡಿಗೆಮನೆಯ ಮೇಲೆ ಬೆಳಗಿನ ಹೊಗೆ ಕಾಣಲಿಲ್ಲವೆಂದರೆ ಎದುರು ಗುಡ್ಡದವರ ಕೈಯ ಗುದ್ದಲಿ ಹಾಗೇ ನಿಲ್ಲುತ್ತದೆ.

ಇಂಥ ನಕಿಗೋಜಿಯ ಅಂಗಳಕ್ಕೆ ಮಂಗಳವಾರ ಮಧ್ಯಾಹ್ನ ತಮ್ಮನ ಮಗಳು ನಂಪೀಮ ತಲೆಯ ಮೇಲೆ ಒಂದು ದೊಡ್ಡ ಬುಟ್ಟಿ ಹೊತ್ತುಕೊಂಡು ಬಂದಳು. ಅದೇ ಶನಿವಾರ ಅವಳ ಪರಿಚಯದ ಶಾಸ್ತ್ರ. ಹುಡುಗನ ಕಡೆಯವರು ಬಂದು, ಮಾತುಗಾರರಿಂದ ಮಾತಾಡಿಸಿ, ಹೆಣ್ಣು ಕೇಳಿ, ಉಂಡು ಹೋಗುವ ದಿನ. ನೂರ ಎಂಬತ್ತು ಜನ. ಹುಡುಗಿಯ ಮದುವೆಯೆಂದರೆ ಸೋದರತ್ತೆಯದೇ, ಅಂದರೆ ಸೆಂಗಾದೇ ಯಜಮಾನಿಕೆ. ಈ ಸೆಂಗಾ ಅಡಿಗೆಯ ಯಜಮಾನಿಯೂ ಹೌದು. ಎರಡೂ ಜವಾಬ್ದಾರಿ ಒಂದೇ ತಲೆಯ ಮೇಲೆ ಬಿದ್ದು ನಕಿಗೋಜಿಯ ಸಿಟ್ಟು ಮೂಗಿನ ತುದಿಗೆ ಬಂದು ಕೂತಿತ್ತು.

ನಂಪೀಮ ಬುಟ್ಟಿ ಇಳಿಸಿ, ಪದ್ಧತಿಯಂತೆ ಅತ್ತೆಯ ಮುಂದೆ ಮಂಡಿಯೂರಿದಳು. ಮಸಾಕಾ ಪಟ್ಟಣದ ಶಾಲೆಯೊಂದರಲ್ಲಿ ಟೀಚರು, ಇಪ್ಪತ್ತೆಂಟು ವರ್ಷ. ಮಂಡಿಯೂರುತ್ತಿದ್ದಳು, ತಲೆ ತಗ್ಗಿಸುತ್ತಿದ್ದಳು, ಹಟ ಮಾತ್ರ ಬಿಡುತ್ತಿರಲಿಲ್ಲ.

"ಸೆಂಗಾ, ಅಪ್ಪ ಹಲಸಿನ ಮರ ಕಡಿಸ್ತಾರಂತೆ. ನಿಜವಾ?"

"ನಿಜ. ನಾಳೆ ಮರ ಕೊಯ್ಯೋ ಕಸುಲೆ ಗರಗಸದ ಮಷಿನ್ ತರ್ತಾನೆ. ಎರಡು ದಿನ ಸೀಳಿ ಒಣಗಿಸಿದ್ರೆ ಶನಿವಾರಕ್ಕೆ ಉರಿಯುತ್ತೆ."

"ಅದು ಅಮ್ಮನ ಮರ."

ನಕಿಗೋಜಿ ಮುಖ ಆ ಕಡೆ ತಿರುಗಿಸಿದಳು. ಅಮ್ಮನ ಮರ ಹೌದು. ತಮ್ಮನ ಹೆಂಡತಿ ನಕಾಯೆ ಮದುವೆಯಾಗಿ ಬಂದ ವರ್ಷ ಹಲಸಿನ ತೊಳೆ ತಿಂದು, ಕೈ ತೊಳೆದ ನೀರು ಬೀಳುವಲ್ಲೇ ಬೀಜವನ್ನು ಕಾಲ್ಬೆರಳಿಂದ ಒತ್ತಿ ನೆಟ್ಟದ್ದು. ಅತ್ತಿಗೆ ನಾದಿನಿ ಇಬ್ಬರೂ ಅದರ ಬುಡದಲ್ಲಿ ಕೂತು ಬಾಳೆಕಾಯಿ ಸುಲಿದ ದಿನಗಳಿಗೆ ಲೆಕ್ಕವಿಲ್ಲ. ನಂಪೀಮಳಿಗೆ ಆರು ತುಂಬುವ ಮೊದಲೇ ನಕಾಯೆ ಹೋದಳು. ಮಗು ಆ ಮರಕ್ಕೆ ತೆಕ್ಕೆ ಹಾಯ್ದು ಅಳುತ್ತಿತ್ತು. ಬಿಡಿಸಿ ಒಳಗೆ ಕರೆತರುತ್ತಿದ್ದವಳು ಇದೇ ಸೆಂಗಾ.

ಆದರೇನು ಮಾಡುವುದು? ಗುಡ್ಡದ ಮೇಲೆ ಈಗ ಸೌದೆಯೇ ಇಲ್ಲ. ಕಡಿದೂ ಕಡಿದೂ ಬೋಳಾಗಿದೆ. ಮಕುಂಬಿ ಹೇಳಿದ್ದ, "ಅವಳಮ್ಮನ ಮರ, ಅವಳ ಶಾಸ್ತ್ರಕ್ಕೇ ಉರೀಲಿ. ಅದಕ್ಕಿಂತ ಒಳ್ಳೆ ಸಾವು ಯಾವ ಮರಕ್ಕೆ ಬರುತ್ತೆ ಅಕ್ಕಾ?" ಆ ಮಾತಿಗೆ ನಕಿಗೋಜಿ ಹೂಂ ಅಂದಿದ್ದಳು. ಅಂದ ರಾತ್ರಿಯಿಂದ ಊಟ ಸೇರಿರಲಿಲ್ಲ, ಅದು ಬೇರೆ ಮಾತು.

"ಈ ಬುಟ್ಟೀಲಿ ಬೇಯಿಸೋಣ ಸೆಂಗಾ," ಅಂದಳು ನಂಪೀಮ. "ಅರ್ಧಕ್ಕರ್ಧಕ್ಕಿಂತ ಕಮ್ಮಿ ಸೌದೆ ಸಾಕು. ಮರ ಕಡಿಯೋದೇ ಬೇಡ."

"ಬುಟ್ಟೀಲಿ?"

"ನಮ್ಮ ಶಾಲೆ ಅಡಿಗೆಯಮ್ಮ ಹೀಗೇ ಮಾಡ್ತಾರೆ. ಕಾಳು ನೆನೆಸಿ, ಇಪ್ಪತ್ತು ನಿಮಿಷ ಜೋರಾಗಿ ಕುದಿಸಿ, ಪಾತ್ರೆ ಸಮೇತ ಇದರೊಳಗೆ ಇಡೋದು. ಸುತ್ತ ಒಣಗಿದ ಬಾಳೆಲೆ, ಮೇಲೆ ಕಂಬಳಿ. ನಾಲ್ಕು ಗಂಟೆ ಬಿಟ್ರೆ ತಾನೇ ಬೇಯುತ್ತೆ. ಬೆಂಕಿ ಬೇಡ."

ನಕಿಗೋಜಿ ಬುಟ್ಟಿಯೊಳಗೆ ಇಣುಕಿದಳು. ಮೊಳಕೈ ದಪ್ಪಕ್ಕೆ ತುಂಬಿದ ಒಣ ಬಾಳೆಲೆ, ಅದರ ಮೇಲೆ ಹೊಲಿದ ಹಳೆ ಬಟ್ಟೆ. ಕೋಳಿ ಕಾವಿಗೆ ಕೂರಿಸುವ ಬುಟ್ಟಿಗೂ ಇದಕ್ಕೂ ಏನೂ ವ್ಯತ್ಯಾಸ ಕಾಣಲಿಲ್ಲ.

"ಸರಿ ಬಿಡು. ಕಾಳಿನ ಮೇಲೆ ಒಂದು ಹೇಂಟೆ ಕೂರಿಸು. ಇಪ್ಪತ್ತೊಂದು ದಿನಕ್ಕೆ ಮರಿ ಮಾಡುತ್ತೆ, ಹುಡುಗನ ಕಡೆಯೋರಿಗೆ ಅದನ್ನೇ ಬಡಿಸೋಣ."

"ನಗಬೇಡಿ ಸೆಂಗಾ. ಬಿತ್ತನೆಯ ಟೊಗ್ಗೊ ಮಳೆ ಈ ಸಲ ಯಾವಾಗ ಬಂತು? ಬಿತ್ತೋ ಹೊತ್ತಿಗೆ ಬರಲಿಲ್ಲ, ಬೀನ್ಸ್ ಒಣಗಿಸೋ ಹೊತ್ತಿಗೆ ಬಂದು ಕೊಚ್ಕೊಂಡು ಹೋಯ್ತು. ಮರ ಹೋಯ್ತು, ಹೊಗೆ ಹೆಚ್ಚಾಯ್ತು, ಆಕಾಶ ಕೆಟ್ಟಿತು. ಎಲ್ಲೋ ದೂರದೋರ ಕಾರು, ಕಾರ್ಖಾನೆಗಳ ತಪ್ಪೇ ದೊಡ್ಡದು, ಇಲ್ಲ ಅನ್ನಲ್ಲ. ನಮ್ಮ ಕೈಲಿರೋದು ನಮ್ಮ ಒಲೆ."

"ನನ್ನ ಒಲೆ ಎಲ್ಲಿದೆ ಅಂತ ಆಕಾಶಕ್ಕೆ ಹೇಗೆ ಗೊತ್ತಾಗುತ್ತೆ!"

"ನಿಮ್ಮದೊಂದೇ ಅಲ್ಲ. ಬೆಳಗ್ಗೆ ಹೊರಗೆ ನಿಂತು ಎಣಿಸಿ ನೋಡಿ."

"ಬೆಳಗ್ಗೆ ನಾನು ಒಲೆ ಮುಂದೆ ಇರ್ತೀನಿ. ಟೀಚರಮ್ಮನ ಹಾಗೆ ಹೊಗೆ ಎಣಿಸ್ತಾ ನಿಲ್ಲೋಕೆ ಪುರುಸೊತ್ತಿಲ್ಲ ನನಗೆ."

ಹಾಗೆ ಗದರಿದಳು. ಆದರೆ ಹುಡುಗಿ ಮಂಡಿಯ ಮೇಲಿಂದ ಏಳಲಿಲ್ಲ. ಅವಳ ಕಣ್ಣಲ್ಲಿ ನೀರಿರಲಿಲ್ಲ, ಅದೇ ನಕಿಗೋಜಿಗೆ ತಡೆಯಲಾಗಲಿಲ್ಲ. ಅತ್ತಿದ್ದರೆ ಬೈದು ಕಳಿಸಬಹುದಿತ್ತು.

"ಕೇಳು," ಅಂದಳು ಕೊನೆಗೆ. "ನಾಳೆ ಒಂದು ಹಂಡೆ ಬೇಯಿಸಿ ತೋರಿಸು. ಮುಷ್ಟಿ ಕಾಳಲ್ಲ, ನನ್ನ ದೊಡ್ಡ ಹಂಡೆ ತುಂಬ. ನಿಮ್ಮಪ್ಪನಿಗೆ ನಾನು ಹೇಳ್ತೀನಿ, ಮಧ್ಯಾಹ್ನ ಒಂದು ಗಂಟೆ ತನಕ ಮರ ಮುಟ್ಟಬೇಡ ಅಂತ. ಕಾಳು ಬೆಂದಿದ್ರೆ ಮರ ಉಳೀತು. ಹಸಿ ಇದ್ರೆ ಬಾಯಿ ಮುಚ್ಕೊಂಡು ಬಂದು ಸೌದೆ ಹೊರಬೇಕು. ಒಪ್ಪಿಗೆನಾ?"

"ಒಪ್ಪಿಗೆ."

"ಇನ್ನೊಂದು. ಒಲೇಲಿ ಬೆಂಕಿ ಇದ್ರೆ ನಾನು ಆ ಕಡೆ ತಿರುಗಿದಾಗ ನೀನು ಹಂಡೆ ಎತ್ತಿ ಇಡ್ತೀಯ. ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಹಂಡೆ ಬುಟ್ಟಿಗೆ ಹೋದ ಕೂಡ್ಲೆ ಬೆಂಕಿ ಆರಿಸಿಬಿಡೋದು. ಪೂರ್ತಿ."

ಬಾಯಿಂದ ಬಂದುಹೋಯಿತು. ಆಡಿದ ಮೇಲೆ ಅವಳಿಗೇ ಗಾಬರಿಯಾಯಿತು. ಆದರೆ ನಕಿಗೋಜಿ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿ ಅಲ್ಲ.

ಬುಧವಾರ ಬೆಳಗ್ಗೆ ಏಳೂವರೆಗೆ ಹಂಡೆಯಲ್ಲಿ ಕೆಂಪು ಬೀನ್ಸ್ ಕಾಳು ತಳಮಳ ಕುದಿಯಿತು. ಇಪ್ಪತ್ತು ನಿಮಿಷ ಆದಮೇಲೆ ಇಬ್ಬರೂ ಸೇರಿ ಇಳಿಸಿ, ಹಸಿ ಬಾಳೆಲೆ ಸುತ್ತಿ, ಬುಟ್ಟಿಯೊಳಗೆ ಇಟ್ಟರು. ಮೇಲೆ ಹೊಟ್ಟು ತುಂಬಿದ ದಿಂಬು, ಅದರ ಮೇಲೆ ಕಂಬಳಿ, ಕಂಬಳಿಗೆ ಬಾಳೆನಾರಿನ ಕಟ್ಟು. ನಂಪೀಮ ಹೇಳಿದಳು, "ನಡುವೆ ತೆಗೆದು ನೋಡೋ ಹಾಗಿಲ್ಲ ಸೆಂಗಾ. ಒಂದ್ಸಲ ಬಿಚ್ಚಿದ್ರೆ ಬಿಸಿ ಹಾರಿಹೋಗುತ್ತೆ, ಆಟ ಮುಗೀತು."

ಆಮೇಲೆ ನಕಿಗೋಜಿ ಒಂದು ಕೊಡ ನೀರು ತಂದಳು. ಒಲೆಯ ಮುಂದೆ ಸುಮಾರು ಹೊತ್ತು ನಿಂತಳು.  ಕೊಡ ಬಗ್ಗಿಸಿದಾಗ ಬೆಂಕಿ ಚುಂಯ್ ಎಂದು ಕಿರುಚಿ, ಬೂದಿ ಎದ್ದು, ಮೂರು ಕಲ್ಲುಗಳ ನಡುವೆ ಕಪ್ಪು ನೀರು ನಿಂತಿತು. ಅಷ್ಟೇ. ನಲವತ್ತೊಂದು ವರ್ಷ ಮುಗಿಯಲು ಒಂದು ಕೊಡ ನೀರು ಸಾಕಾಯಿತು.

ನಂಪೀಮ ಅಪ್ಪನನ್ನು ಒಲಿಸಲು ಮರದ ಹತ್ತಿರ ಹೋದಳು. ನಕಿಗೋಜಿ ಬುಟ್ಟಿಯ ಪಕ್ಕ ಚಾಪೆ ಹಾಸಿ ಕಾವಲು ಕೂತಳು. ಸ್ವಲ್ಪ ಹೊತ್ತಿಗೆ ಹೊಗೆ ಕರಗಿತು. ಆಗ ಅವಳಿಗೆ ತನ್ನ ಅಡಿಗೆಮನೆಯ ಆಚೆ ಗೋಡೆ ಕಾಣಿಸಿತು. ನಗಬೇಡಿ. ಬೆಳಗಿನ ಹೊತ್ತಿನಲ್ಲಿ ಆ ಗೋಡೆಯನ್ನು ಅವಳು ನೋಡಿರಲೇ ಇಲ್ಲ. ಸೂರಿನ ಸಂದಿಯಿಂದ ಬಿಸಿಲು ಕೋಲು ಕೋಲಾಗಿ ಇಳಿದು ಗೋಡೆಯ ಮೇಲೆ ಬಿದ್ದಿತ್ತು. ಅಲ್ಲಿ, ಮಸಿಯ ಅಡಿಯಲ್ಲಿ, ಒದ್ದೆ ಮಣ್ಣಿಗೆ ಒತ್ತಿದ ಎರಡು ಅಂಗೈ ಗುರುತು. ಒಂದು ದೊಡ್ಡದು, ಒಂದು ಪುಟ್ಟದು. ಗೋಡೆ ಸಾರಿಸಿದ ದಿನ ನಕಾಯೆ ಮಗಳ ಕೈ ಹಿಡಿದು ತನ್ನ ಕೈಯ ಪಕ್ಕ ಒತ್ತಿಸಿದ್ದಳು, ಅದು ಮರೆತೇ ಹೋಗಿತ್ತು. ನಕಿಗೋಜಿ ಎದ್ದು ಹೋಗಿ ಆ ದೊಡ್ಡ ಗುರುತಿನ ಮೇಲೆ ತನ್ನ ಅಂಗೈ ಇಟ್ಟಳು. 

ಕೆಮ್ಮೂ ಬರಲಿಲ್ಲ. ಅದೂ ಆಗಲೇ ಗಮನಕ್ಕೆ ಬಂದದ್ದು.

ಬಾಗಿಲಿಗೆ ಬಂದು ಹೊರಗೆ ನೋಡಿದಳು. ಕಣಿವೆಯ ಆಚೆ, ಈಚೆ, ಕೆರೆಯ ಕಡೆಯ ಇಳಿಜಾರಿನಲ್ಲಿ, ಒಂದೊಂದು ಬಾಳೆತೋಟದ ನಡುವಿನಿಂದಲೂ ಒಂದೊಂದು ಹೊಗೆ. ಎಣಿಸಿದಳು. ಅರವತ್ತಕ್ಕೆ ಲೆಕ್ಕ ತಪ್ಪಿತು. ಅದರಾಚೆಗೆ ಗುಡ್ಡಗಳ ಸಾಲು, ಅಲ್ಲೂ ಹೊಗೆ. ಎಲ್ಲವೂ ಮೇಲೆ ಹೋಗಿ ಒಂದೇ ಮಬ್ಬು ಚಪ್ಪರವಾಗಿ ನಿಂತಿತ್ತು. ಇಷ್ಟು ವರ್ಷ ಅದನ್ನು ಮೋಡವೆಂದೇ ತಿಳಿದಿದ್ದಳು. "ದೇವರೇ," ಎಂದಳು ತನಗೆ ತಾನೇ, "ಅಷ್ಟು ದೊಡ್ಡದನ್ನ ನಾವು ಮಾಡಿದ್ವಾ? ಕಲ್ಲು ಮೂರು ಮೂರು ಇಟ್ಕೊಂಡು?" ಮಾಡಿದ್ದು ದೊಡ್ಡದೆಂದು ಹೆದರಿಕೆಯಾಯಿತು. ಅರವತ್ತು ಮನೆಯವರು ಅರವತ್ತು ಕೊಡ ನೀರು ಸುರಿದರೆ ಏನಾಗಬಹುದೆಂಬ ಯೋಚನೆಯೂ ಅದರ ಹಿಂದೆಯೇ ಬಂತು. ಮತ್ತೆ ಬಂದು ಬುಟ್ಟಿಯ ಪಕ್ಕ ಕೂತಳು. ಕಂಬಳಿ ಮುಟ್ಟಿ ನೋಡಿದಳು. ತಣ್ಣಗಿತ್ತು. ಒಳಗೆ ಏನಾಗುತ್ತಿದೆಯೋ ಯಾರು ಬಲ್ಲರು!

ಹನ್ನೊಂದೂವರೆ ಇದ್ದೀತು. ಹಿತ್ತಲ ಕಡೆಯಿಂದ ಗರ್ರ್ ಎಂದು ಶಬ್ದ ಬಂತು.

 ಕಸುಲೆಯ ಮಷಿನ್. ಒಂದು ಗಂಟೆ ತನಕ ಮುಟ್ಟಬೇಡ ಅಂತ ಹೇಳಿರಲಿಲ್ಲವಾ? ತಮ್ಮನಿಗೆ ತಾಳ್ಮೆಯೆಂಬುದು ಹುಟ್ಟಿನಿಂದಲೇ ಇಲ್ಲ. ಶಬ್ದ ಮರಕ್ಕೆ ಕಚ್ಚಿತು, ದನಿ ದಪ್ಪಗಾಯಿತು. ನಂಪೀಮ ಕೂಗಾಡುತ್ತಿದ್ದುದು ಕೇಳಿಸಿತು. ಓಡಿ ಹೋಗಲೆಂದು ಎದ್ದಳು, ಮಂಡಿ ಹಿಡಿದುಕೊಂಡು ಅಲ್ಲೇ ಕುಸಿದಳು. ಬುಟ್ಟಿ ಬಿಚ್ಚಿ ಬೆಂದಿದೆಯೆಂದು ತೋರಿಸೋಣವೆಂದರೆ ಇನ್ನೂ ಅರ್ಧ ಗಂಟೆ ಬಾಕಿ. ಬೇಯದೆ ಬಿಚ್ಚಿದರೆ ಎಲ್ಲವೂ ಹಾಳು. ಬೇರೆ ದಾರಿ ಕಾಣದೆ ಬುಟ್ಟಿಯನ್ನೇ ಎರಡು ಕೈಯಲ್ಲಿ ತಬ್ಬಿ ಹಿಡಿದು ಕಣ್ಣು ಮುಚ್ಚಿದಳು. "ಬೇಯಪ್ಪಾ, ಬೇಯಿ. ನನ್ನ ಮರ್ಯಾದೆ ಹಾಳಾಗ್ಲಿ, ಅವಳ ಮರ ಉಳೀಲಿ."

ಆಗ ಕೇಳಿಸಿತು ಅಳು.

ಎದುರು ಗುಡ್ಡದಿಂದ ಒಬ್ಬಳೇ ಹೆಂಗಸಿನ ದನಿ, ಉದ್ದಕ್ಕೆ, ಸತ್ತವರಿಗೆ ಇಡುವ ಅಳು. ನಾಲೋಂಗೊ, ಎರಡು ಸಲ ಅವಳಿ ಹೆತ್ತವಳು, ಅವಳಿ ಹೆತ್ತವರನ್ನು ಕರೆಯುವ ಆ ಗೌರವದ ಹೆಸರಿನಿಂದಲೇ ಊರಿಗೆಲ್ಲ ಪರಿಚಿತಳು, ಅಲ್ಲಿ ಕಳೆ ಕೀಳುತ್ತಿದ್ದಳು. ಅವಳ ದನಿಗೆ ಇನ್ನೊಂದು ಸೇರಿತು, ಮತ್ತೆ ಇನ್ನೊಂದು. ಕಣಿವೆ ದಾಟಿ ಈ ಕಡೆಗೇ ಬರುತ್ತಿತ್ತು.

ಅಳು ಕೇಳಿದ ಕ್ಷಣವೇ ಮಷಿನ್ ನಿಂತಿತು. ಊರಲ್ಲಿ ಹೆಣ ಬಿದ್ದರೆ, ಅದು ಮಣ್ಣಾಗುವವರೆಗೆ ಗುದ್ದಲಿ ಎತ್ತುವಂತಿಲ್ಲ, ಕೊಡಲಿ ಬೀಸುವಂತಿಲ್ಲ. ಕಸುಲೆ ಎಷ್ಟೇ ಆಸೆಬುರುಕನಾಗಲಿ, ಅದನ್ನು ಮೀರುವವನಲ್ಲ.

ಯಾರು ಹೋದರಪ್ಪಾ ಎಂದು ನಕಿಗೋಜಿ ಕಿವಿಗೊಟ್ಟು ಕೇಳಿದಳು. ಅಳುವಿನ ನಡುವೆ ಹೆಸರು ಬಂತು. "ನಕಿಗೋಜೀ! ನಮ್ಮವ್ವಾ ನಕಿಗೋಜೀ! ನಿನ್ನ ಬೆಂಕಿ ಆರಿತಲ್ಲೇ!"

ಒಂದು ಗಳಿಗೆ ಅವಳಿಗೆ ತಾನು ನಿಜವಾಗಿಯೂ ಸತ್ತಿದ್ದೇನೆ ಅನ್ನಿಸಿಬಿಟ್ಟಿತು. ಹೊಗೆ ಇಲ್ಲ, ಕೆಮ್ಮಿಲ್ಲ, ಮನೆಯೊಳಗೆಲ್ಲ ಬಿಸಿಲು. ಮೂಗಿನ ಹತ್ತಿರ ಬೆರಳು ಹಿಡಿದು ನೋಡಿಕೊಂಡಳು. ಉಸಿರು ಆಡುತ್ತಿತ್ತು.

ಅಷ್ಟರಲ್ಲಿ ಮಕುಂಬಿ ನುಗ್ಗಿಕೊಂಡು ಬಂದು ಬಾಗಿಲಲ್ಲೇ ಮುಗ್ಗರಿಸಿ ಬಿದ್ದ. ಅರವತ್ತು ದಾಟಿದ ಗಂಡಸು, ಮಗುವಿನಂತೆ ಅಳುತ್ತಿದ್ದ. ತೆವಳಿಕೊಂಡೇ ಬಂದು ಅಕ್ಕನ ಕಾಲು ಹಿಡಿದುಕೊಂಡ.

"ಅಕ್ಕಾ! ಬದುಕಿದ್ದೀಯಾ?"

"ಇಲ್ಲ. ಮಾತಾಡ್ತಿರೋದು ನನ್ನ ದೆವ್ವ. ಒಂದು ಗಂಟೆ ತನಕ ಕಾಯಿ ಅಂತ ಹೇಳಿರಲಿಲ್ವೇನೋ ನಿನಗೆ?"

ಅಂಗಳ ತುಂಬಿತ್ತು. ನಂಪೀಮ ಏದುಸಿರು ಬಿಡುತ್ತಾ ಬಂದು ಅತ್ತೆಯ ಕುತ್ತಿಗೆಗೆ ಜೋತುಬಿದ್ದಳು. ಹೆಂಗಸರು ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಗಂಡಸರು, ಸಾವಿನ ಮನೆಗೆ ಬರುವ ಪದ್ಧತಿಯಂತೆ, ಒಬ್ಬೊಬ್ಬರೂ ಒಂದೊಂದು ಹೊರೆ ಸೌದೆ ಹೊತ್ತು ತಂದು ಜಗಲಿಯ ಪಕ್ಕ ಇಳಿಸಿದ್ದರು. ಎಲ್ಲರಿಗಿಂತ ಮುಂದೆ ನಾಲೋಂಗೊ. ಕಂಕುಳಲ್ಲಿ ಮಡಿಚಿದ ತೊಗಟೆಬಟ್ಟೆ, ಹೆಣ ಸುತ್ತಲು.

"ಏನು ಇದು?" ಎಂದಳು ನಕಿಗೋಜಿ.

"ನಿನಗೇ ಕಣೆ," ಅಂದಳು ನಾಲೋಂಗೊ, ಇನ್ನೂ ಬಿಕ್ಕುತ್ತಾ. ನಕಿಗೋಜಿ ಆ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದಳು.

"ಇಷ್ಟು ತೆಳುವಾ? ನಲವತ್ತು ವರ್ಷದ ಗೆಳತಿಗೆ ಇಂಥದ್ದೇ ಸಿಕ್ಕಿತಾ ನಿನಗೆ?"

ಆಗ ನಾಲೋಂಗೊಳ ದುಃಖವೆಲ್ಲ ಸಿಟ್ಟಾಗಿ ತಿರುಗಿತು. "ಹಾಳಾದವಳೇ! ಒಲೆ ಆರಿಸೋ ಮುಂಚೆ ಒಂದು ಮಾತು ಹೇಳ್ಬಾರ್ದೇನೆ? ಹೊಲಕ್ಕೆ ಬಂದಾಗಿನಿಂದ ನೋಡ್ತಿದ್ದೀನಿ, ಹೊಗೆ ಇಲ್ಲ, ಹೊಗೆ ಇಲ್ಲ. ಎದ್ದಿಲ್ವೇನೋ ಅಂದ್ಕೊಂಡೆ. ಹನ್ನೊಂದಾಯ್ತು.  ನಿನಗಾಗಿ ಅಳುತ್ತಾ ಅಳುತ್ತಾ ಗುಡ್ಡ ಇಳಿದು ಬಂದ್ರೆ, ಬುಟ್ಟಿ ತಬ್ಕೊಂಡು ಕೂತಿದ್ದೀಯಾ? ಯಾಕೆ ಆರಿಸಿದೆ? ಏನಿದೆ ಅದರಲ್ಲಿ?"

ಎಲ್ಲರ ಕಣ್ಣೂ ಬುಟ್ಟಿಯ ಮೇಲೆ ಬಿತ್ತು. ಎಪ್ಪತ್ತು ಎಂಬತ್ತು ಜನ. ಬಾಗಿಲ ಚೌಕಟ್ಟಿಗೆ ಒರಗಿ ಕಸುಲೆಯೂ ನಿಂತಿದ್ದ, ಅಂಗಿಯ ಮೇಲೆಲ್ಲ ಹಲಸಿನ ಹಳದಿ ಹೊಟ್ಟು. ನಕಿಗೋಜಿ ನಂಪೀಮಳ ಮುಖ ನೋಡಿದಳು. ಹುಡುಗಿ ಗಡಿಯಾರ ನೋಡಿಕೊಂಡಳು. "ಹನ್ನೆರಡು ಹತ್ತು," ಎಂದಳು ಪಿಸುದನಿಯಲ್ಲಿ.

ಇನ್ನೇನು ಮುಚ್ಚಿಡುವುದು? ನಕಿಗೋಜಿ ನಾಲ್ಕು ಮಾತಿನಲ್ಲಿ ಎಲ್ಲವನ್ನೂ ಹೇಳಿದಳು. ಕಾಳು, ಇಪ್ಪತ್ತು ನಿಮಿಷ, ಬುಟ್ಟಿ, ಮರದ ಮೇಲಿನ ಪಣ. ಗುಂಪಿನಲ್ಲಿ ನಗು ಎದ್ದಿತು. "ಅಮ್ಮಾ, ಅದಕ್ಕೆ ಬೆಂಕಿ ಯಾರು ಹಾಕಿದ್ರು? ಇಲಿಗಳಾ?" ಎಂದ ಕಸುಲೆ.

"ನಿನ್ನ ಬಾಯಿಗೆ ಮೊದಲ ತುತ್ತು ಹಾಕ್ತೀನಿ, ನಿಂತಿರು," ಎಂದಳು.  ಒಬ್ಬಳು ಹುಡುಗಿಯ ಮುಂದೆ ಸೋಲುವುದು ಬೇರೆ, ತನ್ನ ಅಡಿಗೆ ಉಂಡು ಬೆಳೆದ ಊರಿನ ಮುಂದೆ ಹಸಿ ಕಾಳು ತೋರಿಸುವುದು ಬೇರೆ. ಕಟ್ಟು ಬಿಚ್ಚಿದಳು. ಕಂಬಳಿ ತೆಗೆದಳು. ದಿಂಬು ಎತ್ತಿದಳು. ಎತ್ತಿದ ಕೈಗೆ ದಿಂಬಿನ ಅಡಿಭಾಗ ಚುರುಕ್ಕೆಂದು ಬಿಸಿ ತಾಗಿತು. ಬಾಡಿದ ಎಲೆ ಬಿಡಿಸಿ, ಹಂಡೆಯ ಮುಚ್ಚಳ ಸರಿಸಿದಳು.

ಆವಿ ಎದ್ದಿತು. ಎಂಥ ಆವಿ ಅದು! ಬೆಳ್ಳಗೆ, ದಟ್ಟವಾಗಿ ಎದ್ದು, ಬಿಸಿಲುಕೋಲನ್ನು ಸುತ್ತಿಕೊಂಡು ಸೂರಿನವರೆಗೂ ಹೋಯಿತು. ಹೊಗೆಯ ವಾಸನೆ ಒಂದಿಷ್ಟೂ ಇಲ್ಲ, ಬರೀ ಕಾಳಿನ ಘಮ. ಮುಂದೆ ನಿಂತವರು ಒಂದು ಹೆಜ್ಜೆ ಹಿಂದೆ ಸರಿದರು. ನಕಿಗೋಜಿ ಸೌಟು ಹಾಕಿ ತಳದಿಂದ ಒಂದು ಕಾಳು ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದಳು. ಒತ್ತಬೇಕಾಗಲೇ ಇಲ್ಲ. ಕಾಳು ಬೆರಳಿನ ನಡುವೆ ಬೆಣ್ಣೆಯಾಯಿತು.

ಅವಳು ಒಲೆಯ ಕಡೆ ನೋಡಿದಳು. ಮೂರು ಕಲ್ಲು, ನಡುವೆ ತಣ್ಣಗಿನ ಕಪ್ಪು ನೀರು. ಮತ್ತೆ ಹಂಡೆಯ ಕಡೆ ನೋಡಿದಳು.  ಐವತ್ತು ವರ್ಷ ಅಡಿಗೆ ಮಾಡಿದವಳು. ಬೇಯಿಸುವುದು ಬೆಂಕಿಯೆಂದು ನಂಬಿ ಗುಡ್ಡಕ್ಕೆ ಗುಡ್ಡವನ್ನೇ ಒಲೆಗೆ ತಳ್ಳಿದವಳು. ಒಮ್ಮೆ ಕೊಟ್ಟ ಬಿಸಿ ಎಲ್ಲಿಗೂ ಹೋಗದೆ ಒಳಗೇ ಕೂತು ತನ್ನ ಕೆಲಸ ತಾನು ಮಾಡುತ್ತಿತ್ತು. ಓಡಿಹೋಗಲು ಬಾಗಿಲು ತೆರೆದಿಟ್ಟದ್ದು ನಾವೇ.

"ಬೆಂದಿದೆ," ಎಂದಳು ಮೆಲ್ಲಗೆ. ಆಮೇಲೆ ಊರಿಗೆಲ್ಲ ಕೇಳುವಂತೆ, "ಬೆಂದಿದೆ ಕಣ್ರೋ!"

ಮೊದಲ ತುತ್ತು ಕಸುಲೆಗೇ ಹಾಕಿದಳು. ಅವನು ಅಗಿದ, ನುಂಗಿದ, ಒಲೆಯೊಳಗೆ ಕೈಯಿಟ್ಟು ನೀರು ಮುಟ್ಟಿ ನೋಡಿದ. ಮತ್ತೆ ನಗಲಿಲ್ಲ. ನಾಲೋಂಗೊ ಬಾಯಿಯ ಮೇಲೆ ಬೆರಳಿಟ್ಟುಕೊಂಡು ಬುಟ್ಟಿಯ ಸುತ್ತ ಒಂದು ಸುತ್ತು ಬಂದಳು. ಸಾವಿಗೆ ಬಂದವರೆಲ್ಲ ಬಾಳೆಲೆಯ ಚೂರಿನಲ್ಲಿ ಒಂದೊಂದು ಹಿಡಿ ಬಿಸಿ ಕಾಳು ಹಾಕಿಸಿಕೊಂಡು, ಅಂಗಳದಲ್ಲಿ ಕೂತು, ಸತ್ತವಳ ಕೈಯಡಿಗೆಯನ್ನೇ ತಿಂದರು.

ತಿಂದಾದ ಮೇಲೆ ನಕಿಗೋಜಿ ಮರದ ಹತ್ತಿರ ಹೋದಳು. ಬುಡದಲ್ಲಿ ಒಂದು ಗೇಣು ಆಳದ ಗಾಯ. ಬಿಳಿ ಮೇಣ ಧಾರೆಯಾಗಿ ಇಳಿಯುತ್ತಿತ್ತು. ಅದರ ಮೇಲ್ಗಡೆ, ಏನೂ ಆಗಿಲ್ಲವೆಂಬಂತೆ, ಬುಡಕ್ಕೇ ಅಂಟಿಕೊಂಡು ಏಳು ಕಾಯಿ. ಅಳು ಇನ್ನು ಹತ್ತು ನಿಮಿಷ ತಡವಾಗಿದ್ದರೆ! ಅವಳು ಒಂದು ಬೊಗಸೆ ಜೇಡಿಮಣ್ಣು ಕಲಸಿ ಗಾಯಕ್ಕೆ ಮೆತ್ತಿದಳು. ನಂಪೀಮಳೂ ಬಂದು ಪಕ್ಕದಲ್ಲಿ ಕೈಯಿಟ್ಟು ಮೆತ್ತಿದಳು. ಮಕುಂಬಿ ದೂರ ನಿಂತಿದ್ದ.

"ಕಾಯೋಕೆ ಆಗ್ಲಿಲ್ಲ ಅಕ್ಕಾ," ಎಂದ. "ತಪ್ಪಾಯ್ತು. ಸೌದೆ ಇಲ್ದೆ ಮಗಳ ದಿನ ಕೆಡುತ್ತೇನೋ ಅಂತ..."

"ಸೌದೆ ಇಲ್ಲ ಅಂತ ಯಾರು ಹೇಳಿದ್ದು?" ನಕಿಗೋಜಿ ಜಗಲಿಯ ಕಡೆ ಕೈ ತೋರಿಸಿದಳು. ಅಲ್ಲಿ ಮೂವತ್ತೈದು ಹೊರೆ ಒಣ ಸೌದೆ ಬಿದ್ದಿತ್ತು. ಸಾವಿನ ಮನೆಗೆ ತಂದದ್ದನ್ನು ವಾಪಸು ಹೊತ್ತುಕೊಂಡು ಹೋಗುವಂತಿಲ್ಲ, ಸತ್ತವಳೇ ಎದ್ದು ಕಾಳು ಬಡಿಸಿದರೂ ಅಷ್ಟೇ.

ಹಾಗೆ, ನಕಿಗೋಜಿಯ ಹೆಣಕ್ಕೆಂದು ಬಂದ ಸೌದೆ ನಂಪೀಮಳ ಶಾಸ್ತ್ರದ ಒಲೆಗೆ ಹೋಯಿತು. ಎರಡು ದಿನದಲ್ಲಿ ಊರಿನ ಹೆಂಗಸರು ಸೇರಿ ಹದಿನಾಲ್ಕು ಬುಟ್ಟಿ ತುಂಬಿದರು. ಒಣ ಬಾಳೆಲೆಗೇನು ಬರವೇ ನಮ್ಮಲ್ಲಿ? ಶನಿವಾರ ಬೆಳಗ್ಗೆ ಬೆಂಕಿಕಡ್ಡಿ ಗೀರಿ ಹೊಸ ಬೆಂಕಿ ಹಚ್ಚಿದಳು ನಕಿಗೋಜಿ. ಅಷ್ಟು ಸುಲಭಕ್ಕೆ ಹತ್ತಿದ್ದು ಕಂಡು ಅವಳಿಗೇ ನಗು ಬಂತು. ಒಂದಾದ ಮೇಲೊಂದು ಹಂಡೆ ಕುದಿಸಿ ಬುಟ್ಟಿಗಿಳಿಸಿ, ಹತ್ತು ಗಂಟೆಗೆಲ್ಲ ಒಲೆ ಆರಿಸಿ, ಹಬ್ಬದ ಉದ್ದನೆಯ ಉಡುಪು ಗೋಮೆಸಿ ಉಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು ಸಿದ್ಧಳಾದಳು. ತನ್ನದೇ ಅಡಿಗೆಯ ಹಬ್ಬದಲ್ಲಿ ನೆಂಟರಿಗಿಂತ ಮುಂಚೆ ಅವಳು ಮುಖ ತೊಳೆದದ್ದು ಅದೇ ಮೊದಲು.

ಹುಡುಗನ ಕಡೆಯವರು ಒಂದು ಗಂಟೆಗೆ ಬೇಲಿಯ ಹತ್ತಿರ ಬಂದವರು ಅಲ್ಲೇ ನಿಂತುಬಿಟ್ಟರು. ಅವರ ಮಾತುಗಾರ ಸೂರಿನ ಕಡೆ ನೋಡಿ ಸಣ್ಣಗೆ ಕೆಮ್ಮಿದ. "ನಾವು ಬಂದಿದ್ದು ಹೆಣ್ಣು ಕೇಳೋಕೋ, ಮಣ್ಣು ಹಾಕೋಕೋ? ಈ ಮನೇಲಿ ಹೊಗೇನೇ ಇಲ್ವಲ್ಲ!"

"ಯಾರೂ ಸತ್ತಿಲ್ಲ!" ಬೇಲಿಯ ಒಳಗಿಂದ ನಾಲೋಂಗೊ ಕೂಗಿದಳು. "ಆ ತಪ್ಪು ನಾವು ಮೊನ್ನೇನೇ ಮಾಡಿ ಮುಗಿಸಿದ್ದೀವಿ! ಒಳಗೆ ಬನ್ನಿ!"

ಮಾತು, ಕೊಂಕು, ಉಡುಗೊರೆ ಎಲ್ಲ ಮುಗಿದು ಊಟಕ್ಕೆ ಕೂತಾಗ ಮೂರು ದಾಟಿತ್ತು. ನಕಿಗೋಜಿ ಕೈ ಎತ್ತಿದಳು. ಹದಿನೈದು ಹೆಂಗಸರು ಹದಿನೈದು ಬುಟ್ಟಿಯ ಮುಚ್ಚಳ ಒಟ್ಟಿಗೇ ತೆಗೆದರು. ಆವಿ ಎದ್ದು ಚಪ್ಪರವನ್ನೇ ತುಂಬಿತು. ನೂರ ಎಂಬತ್ತು ಜನ ಮಾತು ಮರೆತು ಮೇಲೆ ನೋಡುತ್ತಾ ಕೂತರು. ಆ ಮಾತುಗಾರನಿಗೂ, ಅವನ ಜನ್ಮದಲ್ಲಿ ಮೊದಲ ಬಾರಿಗೆ, ಹೇಳಲು ಏನೂ ಹೊಳೆಯಲಿಲ್ಲ.

ಸಂಜೆ, ನೆಂಟರೆಲ್ಲ ಹೋದ ಮೇಲೆ, ಮಕುಂಬಿ ಜಗಲಿ ಗುಡಿಸುತ್ತಿದ್ದ. ಸೌದೆ ಇನ್ನೂ ಒಂಬತ್ತು ಹೊರೆ ಉಳಿದಿತ್ತು. "ಇದನ್ನ ಏನು ಮಾಡಲಿ ಅಕ್ಕಾ?"

ನಕಿಗೋಜಿ ಹಲಸಿನ ಬುಡದಲ್ಲಿ, ಮಣ್ಣು ಮೆತ್ತಿದ ಗಾಯಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ನಂಪೀಮ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು.

"ಒಳಗೆ ಎತ್ತಿಡು," ಎಂದಳು. "ನಾನು ನಿಜವಾಗಿ ಸತ್ತಾಗ ಅಡಿಗೆಗೆ ಅಷ್ಟೇ ಸಾಕು. ಬುಟ್ಟೀಲಿ ಬೇಯಿಸಿ. ಅವತ್ತೂ ಈ ಮರದ ತಂಟೆಗೆ ಮಾತ್ರ ಯಾರೂ ಹೋಗ್ಬೇಡಿ."